ಯೂರೋಪಿನ ಚಳಿ ಮತ್ತು ಅಲ್ ಕೂಜಿನ ಮೀನಿನ ಕೋಣೆ

ಕಾಣದ ವಿಷಯದ ಬಗ್ಗೆ ಅಧಿಕಾರದಿಂದ ಮಾತಾಡುವುದು ಒಂದು ಕಲೆ. ಜ್ಯೋತಿಷಿಗಳಿಗೆ ಅದು ಒಲಿದಿದೆ. ಅವರಲ್ಲಿ ಶನಿಯ ಹತ್ತಿರ ಹೋಗಿ ಬಂದವರು ಯಾರೂ ಇಲ್ಲ. ಮದುವೆಯಾಗದ ಸ್ನೇಹಿತರು ಸಂಸಾರದ ಬಗ್ಗೆ ಕೊಡುವ ಸಲಹೆಯೂ ಇದೇ ಜಾತಿಯದು. ನಾನೂ ಆ ಸಾಲಿನವನೇ ಎಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತೇನೆ. ದುಬೈಯ ಒಂದು ಸಣ್ಣ ಆಫೀಸಿನಲ್ಲಿ ಕೂತು, ಬರುವ ಚಳಿಗಾಲದಲ್ಲಿ ಯೂರೋಪಿನವರು ಎಷ್ಟು ನೈಸರ್ಗಿಕ ಅನಿಲ ಉರಿಸುತ್ತಾರೆ ಎಂದು ಹೇಳುವುದು ನನ್ನ ಹೊಟ್ಟೆಪಾಡಾಗಿತ್ತು. ನಾನು ಯೂರೋಪನ್ನು ಕಂಡಿರಲಿಲ್ಲ. ಅದಕ್ಕಿಂತ ದೊಡ್ಡ ಗುಟ್ಟೆಂದರೆ, ಚಳಿಯನ್ನೂ ಕಂಡಿರಲಿಲ್ಲ. ನಮ್ಮೂರು ಮಲ್ಪೆಯ ಪಕ್ಕ. ಅಲ್ಲಿ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿದರೆ ಚಳಿಗಾಲ ಬಂತೆಂದು ಅರ್ಥ. ಅಲ್ಲಿಂದ ಸೀದಾ ಬಂದದ್ದು ಮರಳುಗಾಡಿಗೆ.

ಮೊದಮೊದಲು ಈ ಅಜ್ಞಾನದಿಂದ ಯಾರಿಗೂ ತೊಂದರೆಯಿರಲಿಲ್ಲ. ನನ್ನ ವೀಸಾದಲ್ಲಿದ್ದ ಪದವಿ ಕ್ಲರ್ಕ್. ಬಾಸ್ ಹ್ಯಾರಿಸ್ ಎಂಬ ಇಂಗ್ಲೆಂಡಿನವರು ಅಂಕಿಗಳನ್ನು ಕೊಡುತ್ತಿದ್ದರು, ನಾನು ಕಂಪ್ಯೂಟರಿಗೆ ತುಂಬುತ್ತಿದ್ದೆ. ಒಂದು ವರ್ಷ ಅಕ್ಟೋಬರಿನಲ್ಲಿ ಅವರ ಸಹಾಯಕ ಕೆಲಸ ಬಿಟ್ಟು ಹೋದ. "ಈ ಸಲದ ರಿಪೋರ್ಟ್ ನೀನೇ ಬರೆ. ಹಾಲೆಂಡಿನಿಂದ ಗಿರಾಕಿ ಬರುತ್ತಿದ್ದಾನೆ. ಅವನು ಒಪ್ಪಿದರೆ ನಿನ್ನನ್ನು ಅನಲಿಸ್ಟ್ ಮಾಡುತ್ತೇನೆ" ಎಂದರು ಹ್ಯಾರಿಸ್. ನನಗೆ ಪದವಿಯ ಆಸೆಗಿಂತ ದೊಡ್ಡ ಆಸೆ ಬೇರೆ ಇತ್ತು. ಹೆಂಡತಿ ವಾರಿಜಾ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಕ್ಲರ್ಕಿಗೆ ಫ್ಯಾಮಿಲಿ ವೀಸಾ ಸಿಗುವ ಹಾಗಿರಲಿಲ್ಲ, ಅನಲಿಸ್ಟಿಗೆ ಸಿಗುತ್ತಿತ್ತು. ರಿಪೋರ್ಟ್ ಗೆದ್ದರೆ ಅವಳು ಇಲ್ಲೇ ಉಳಿಯುತ್ತಾಳೆ, ಸೋತರೆ ತಿಂಗಳ ಕೊನೆಗೆ ವಿಮಾನ ಹತ್ತುತ್ತಾಳೆ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಒಟ್ಟಿಗೆ ಇದ್ದದ್ದು ಐದೇ ತಿಂಗಳು. ನಾನು ಹಠ ಹಿಡಿದು ಕೂತೆ.

ಹಠ ಹಿಡಿದವನು ಮೊದಲು ಮಾಡಿದ್ದು ಗ್ರಾಫು. ಗ್ಯಾಸ್ ಉರಿಸಿ ಕರೆಂಟು ಮಾಡುತ್ತಾರೆ, ಕರೆಂಟಿನಿಂದ ಎಸಿ ಓಡುತ್ತದೆ, ಎಸಿ ಹೆಚ್ಚು ಬೇಕಾಗುವುದು ಸೆಕೆಯಲ್ಲಿ. ಇದು ದುಬೈಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಹಾಗಾಗಿ ಜುಲೈ ತಿಂಗಳಲ್ಲಿ ಒಂಟೆಯ ಡುಬ್ಬದಷ್ಟು ಎತ್ತರಕ್ಕೆ ಬೇಡಿಕೆ ಏರಿಸಿ, ಜನವರಿಯಲ್ಲಿ ನೆಲಕ್ಕೆ ಇಳಿಸಿದೆ. ಹ್ಯಾರಿಸ್ ಅದನ್ನು ಬಹಳ ಹೊತ್ತು ನೋಡಿದರು. "ಜುಲೈಯಲ್ಲಿ ಹಾಲೆಂಡಿನವರು ಇಷ್ಟು ಗ್ಯಾಸ್ ಏನು ಮಾಡುತ್ತಾರೆ?" ಎಂದು ಕೇಳಿದರು. "ಎಸಿ ಹಾಕುತ್ತಾರೆ ಸರ್" ಎಂದೆ. ಅವರ ಮನೆಗಳಲ್ಲಿ ಎಸಿಯೇ ಇಲ್ಲವೆಂದೂ, ಮನೆ ಬೆಚ್ಚಗಿಡುವುದಕ್ಕೆ ಗ್ಯಾಸ್ ಉರಿಸುತ್ತಾರೆಂದೂ ಹ್ಯಾರಿಸ್ ತಿಳಿಸಿದರು. ಅಷ್ಟು ಶ್ರೀಮಂತ ದೇಶದವರಿಗೆ ಎಸಿ ಇಲ್ಲವಲ್ಲ ಎಂದು ನನಗೆ ಕನಿಕರವೇ ಆಯಿತು. "ನೀನು ಯಾವತ್ತಾದರೂ ಚಳಿಯಲ್ಲಿ ಇದ್ದದ್ದಿದೆಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಒಂದು ವಾರ ಸಮಯ ಕೊಟ್ಟು ಎದ್ದು ಹೋದರು.

ಮನೆಗೆ ಬಂದು ವಾರಿಜಾಳ ಮುಂದೆ ನನ್ನ ಕಷ್ಟ ತೋಡಿಕೊಂಡೆ. ರಷ್ಯಾದ ಗ್ಯಾಸ್ ಪೈಪಿನಲ್ಲಿ ಬರುತ್ತದೆ, ನಾರ್ವೆಯದು ಸಮುದ್ರದ ಅಡಿಯಲ್ಲಿ, ನಮ್ಮ ಕೊಲ್ಲಿಯದು ಹಡಗಿನಲ್ಲಿ. ಮುಂಚೆ ಊರಿಗೊಬ್ಬನೇ ಮಾರುವವನಿದ್ದ, ಈಗ ಯಾರಿಂದ ಬೇಕಾದರೂ ಕೊಳ್ಳಬಹುದು. ಹಾಗಾಗಿ ನಾಳೆ ಎಷ್ಟು ಬೇಕಾಗುತ್ತದೆ ಎಂದು ಇವತ್ತೇ ತಿಳಿದವನು ಪೈಪೋಟಿಯಲ್ಲಿ ಗೆಲ್ಲುತ್ತಾನೆ ಎಂದೆಲ್ಲ ವಿವರಿಸಿದೆ. ಅವಳು ಕೊತ್ತಂಬರಿ ಸೊಪ್ಪು ಸೋಸುತ್ತಾ, "ಒಂದೇ ಪೈಪಿನಲ್ಲಿ ಇಬ್ಬರ ಗ್ಯಾಸ್ ಬಂದ್ರೆ ಯಾರದ್ದು ಯಾರಿಗೇಂತ ಹೇಗೆ ಗೊತ್ತಾಗ್ತದೆ?" ಎಂದಳು. ಊರಿನ ಡೈರಿಯಲ್ಲಿ ಎಲ್ಲರ ಮನೆಯ ಹಾಲನ್ನೂ ಒಂದೇ ಕ್ಯಾನಿಗೆ ಹೊಯ್ಯುವುದಿಲ್ಲವೇ, ಹಾಗೆ, ಎಂದೆ. "ಹಾಗಾದ್ರೆ ನೀರು ಹಾಕಿದ್ದು ಯಾರೂಂತ ಗೊತ್ತಾಗುವುದಿಲ್ಲ ಮಾರಾಯ್ರೆ" ಎಂದಳು. ಇಂಥ ಪ್ರಶ್ನೆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಗುಣಮಟ್ಟದ ಬಗ್ಗೆ ರಿಪೋರ್ಟಿನಲ್ಲಿ ಒಂದು ಪುಟ ಸೇರಿಸಿದೆ. ಆದರೆ ಚಳಿಯ ಸಮಸ್ಯೆ ಹಾಗೆಯೇ ಉಳಿಯಿತು. ಅಂಕಿಗಳಲ್ಲಿ ಎರಡು ಡಿಗ್ರಿ ಎಂದಿದ್ದರೆ ಎರಡು ಡಿಗ್ರಿ ಎಂದರೇನು ಎಂದು ನನ್ನ ಚರ್ಮಕ್ಕೆ ತಿಳಿಯುತ್ತಿರಲಿಲ್ಲ.

ಆಗ ನೆನಪಾದದ್ದು ಶೇಖರಣ್ಣ. ನಮ್ಮೂರಿನವನೇ, ದುಬೈಯ ಅಲ್ ಕೂಜ್ ಎಂಬ ಕಡೆಯ ಒಂದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಶುಕ್ರವಾರ ರಜೆಯ ದಿನ ವಾರಿಜಾಳನ್ನೂ ಕರೆದುಕೊಂಡು ಹೋದೆ. ಚಳಿ ನೋಡಬೇಕು ಎಂದಾಗ ಶೇಖರಣ್ಣ ನನ್ನ ಮುಖವನ್ನೇ ನೋಡಿದ. "ಎಂತ ಮಾರಾಯ, ಹುಷಾರಿದ್ದೀಯಲ್ಲ? ಫ್ರೋಜನ್ ಕೋಣೆ ಬೇಡ, ಆಮೇಲೆ ನಿನ್ನನ್ನೂ ಅಂಜಲ್ ಮೀನಿನ ಜೊತೆ ಲೋಡ್ ಮಾಡ್ಬೇಕಾಗ್ತದೆ. ಐಸಿನಲ್ಲಿಟ್ಟ ಮೀನಿನ ಕೋಣೆ ಉಂಟು, ಎರಡು ಡಿಗ್ರಿ. ಯಲ್ಲಾ, ನಡಿ, ಅಲ್ಲಿಗೆ ಹೋಗು" ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಟ್ಟ. ಅರ್ಧ ತೋಳಿನ ಅಂಗಿಯಲ್ಲಿ, ಬಂಗುಡೆಯ ಪೆಟ್ಟಿಗೆಗಳ ನಡುವೆ, ಕೈಯಲ್ಲಿ ನೋಟ್‌ಬುಕ್ ಹಿಡಿದು ಹಾಲೆಂಡಿನ ಜನವರಿಯನ್ನು ಅನುಭವಿಸತೊಡಗಿದೆ. ಮೊದಲ ಐದು ನಿಮಿಷ ಬಹಳ ಹಿತವಾಗಿತ್ತು; ಇದಕ್ಕೆ ಯಾಕೆ ಗ್ಯಾಸ್ ಉರಿಸುತ್ತಾರೋ ಎಂದು ಬರೆದೆ. ಹತ್ತನೆಯ ನಿಮಿಷಕ್ಕೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಇಪ್ಪತ್ತನೆಯ ನಿಮಿಷದ ನಂತರ ನಾನು ಬರೆದದ್ದನ್ನು ಈಗಲೂ ಓದಲು ಆಗುವುದಿಲ್ಲ. ನಲವತ್ತನೆಯ ನಿಮಿಷಕ್ಕೆ ಶೇಖರಣ್ಣ ಬಾಗಿಲು ತೆಗೆದು, "ಖಲಾಸ್, ಸಾಕು" ಎಂದು ಎಳೆದುಕೊಂಡು ಬಂದ.

ಹೊರಗೆ ಒಳ್ಳೆಯ ಬಿಸಿಲಿತ್ತು. ಗೋಡೆಗೊರಗಿ ಚಾ ಕುಡಿದೆ, ಇನ್ನೊಂದು ಕುಡಿದೆ. ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ವಾರಿಜಾ ನನ್ನ ಕೈ ಹಿಡಿದು ಉಜ್ಜುತ್ತಾ ಕೂತಳು. ಆಮೇಲೆ, "ನೋಡಿ, ಬಿಸಿಲಿಗೆ ಬಂದು ಅರ್ಧ ಗಂಟೆ ಆಯ್ತು, ಕೈ ಇನ್ನೂ ತಣ್ಣಗೆ ಉಂಟು. ಹಾಗಾದ್ರೆ ವಾರ ಇಡೀ ಚಳಿ ತಿಂದ ಗೋಡೆ ಒಂದೇ ದಿನದಲ್ಲಿ ಬೆಚ್ಚಗಾಗ್ತದಾ? ಮರುದಿನ ಚಳಿ ಕಮ್ಮಿಯಾದ್ರೂ ಅವರು ಗ್ಯಾಸ್ ಉರಿಸ್ಲೇಬೇಕಲ್ಲ?" ಎಂದಳು. ನಾನು ಕೂಡಲೇ ಅದನ್ನು ಬರೆದುಕೊಂಡೆ. ಸೋಮವಾರ ಹಳೆಯ ಅಂಕಿಗಳನ್ನು ತೆಗೆದು, ಒಂದು ದಿನದ ಬೇಡಿಕೆಯ ಪಕ್ಕದಲ್ಲಿ ಹಿಂದಿನ ಎರಡು ಮೂರು ದಿನಗಳ ಚಳಿಯನ್ನೂ ಇಟ್ಟು ನೋಡಿದೆ. ಅಷ್ಟು ದಿನ ಅಡ್ಡಾದಿಡ್ಡಿ ಓಡುತ್ತಿದ್ದ ಗೆರೆಗಳು ಒಂದರ ಬೆನ್ನಿಗೆ ಒಂದು ಹೊಂದಿಕೊಂಡವು. ಆಫೀಸಿನಲ್ಲಿ ಒಬ್ಬನೇ ಕೂತು ನಕ್ಕುಬಿಟ್ಟೆ.

ಹಾಲೆಂಡಿನ ಗಿರಾಕಿ ಉದ್ದದ ಮನುಷ್ಯ. ರಿಪೋರ್ಟಿನಲ್ಲಿ "ನಿನ್ನೆಯ ಚಳಿಯೂ ಇವತ್ತಿನ ಗ್ಯಾಸನ್ನು ಉರಿಸುತ್ತದೆ" ಎಂಬ ಸಾಲಿಗೆ ಬಂದಾಗ ಕನ್ನಡಕ ತೆಗೆದು, "ನಮ್ಮಲ್ಲೂ ಹೀಗೇ ಲೆಕ್ಕ ಹಾಕುತ್ತಾರೆ, ಆದರೆ ಅವರು ಅಲ್ಲೇ ಹುಟ್ಟಿದವರು. ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದ. ನನ್ನ ಹೆಂಡತಿ ಹೇಳಿದ್ದು ಎನ್ನಬೇಕಿತ್ತು. "ಸ್ಥಳ ಪರಿಶೀಲನೆ ಮಾಡಿದೆವು" ಎಂದೆ. ಹ್ಯಾರಿಸ್ ಆ ಸಂಜೆಯೇ ಅನಲಿಸ್ಟ್ ಎಂಬ ಪತ್ರಕ್ಕೆ ಸಹಿ ಹಾಕಿದರು. ಮನೆಗೆ ಓಡಿ ಬಂದು ನಡೆದದ್ದನ್ನೆಲ್ಲ ವರ್ಣಿಸಿದೆ. ವಾರಿಜಾಳ ಕಣ್ಣು ತುಂಬಿತು, ನನ್ನದೂ ತುಂಬಿತು. ಕಣ್ಣೊರೆಸಿಕೊಂಡು, "ನಾನು ಹೇಳಿದ್ದೂಂತ ಹೇಳಿದ್ರಾ?" ಎಂದಳು. ಎಲ್ಲರೂ ಅವಸರದಲ್ಲಿದ್ದರು ಎಂದೇನೋ ಗೊಣಗಿದೆ.

ಕೆಲವು ವಾರಗಳಲ್ಲಿ ಅವಳ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿ ಕೊಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದಳು. ಪದವಿಯ ಜಾಗದಲ್ಲಿ, ಗೃಹಿಣಿ, ಕೆಲಸ ಮಾಡಲು ಅನುಮತಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. "ಹಾಗಾದ್ರೆ ಇನ್ನು ನಿಮ್ಮ ರಿಪೋರ್ಟಿಗೆ ನಾನು ಎಂತದೂ ಹೇಳ್ಲಿಕ್ಕಿಲ್ಲ ಆಯ್ತಾ" ಎಂದು ಪಾಸ್‌ಪೋರ್ಟ್ ಮಡಚಿಟ್ಟಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಜೋರಾಗಿ ನಕ್ಕೆ. ಮುಂದಿನ ಅಕ್ಟೋಬರ್ ಬಂತು. ನಾನು ಗ್ರಾಫು ಹರಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಮೂರು ದಿನ ಸುಳಿದಾಡಿದೆ. ಅವಳು ಊಟ ಬಡಿಸಿದಳು, ಚಾ ಕೊಟ್ಟಳು, ಆರೋಗ್ಯ ವಿಚಾರಿಸಿದಳು. ಗ್ಯಾಸಿನ ಬಗ್ಗೆ ಒಂದಕ್ಷರ ಮಾತಾಡಲಿಲ್ಲ. ಆ ವರ್ಷದ ರಿಪೋರ್ಟ್ ಪೂರ್ತಿ ನನ್ನದೇ, ಒಂದು ಸಾಲೂ ಎರವಲು ತಂದದ್ದಲ್ಲ. ಹ್ಯಾರಿಸ್‌ಗೆ ಅದು ಅಷ್ಟೇನೂ ಹಿಡಿಸಲಿಲ್ಲ.