ರಾಜನಿಗೆ ಹದಿಮೂರು, ರಾಣಿಗೆ ಹನ್ನೆರಡು

ಯಶ್ಮಿತಾಳಿಗೆ ಗಣಿತದಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂದಿತ್ತು. ಆ ನಾಲ್ಕನ್ನೂ ಟೀಚರು ಕನಿಕರದಿಂದ ಕೊಟ್ಟಂತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ವಸಂತಿ ಮಗಳನ್ನು ಲಿಫ್ಟಿನ ಬಾಗಿಲಲ್ಲೇ ಇಳಿಸಿ, ಉತ್ತರಪತ್ರಿಕೆಯನ್ನು ಸುಂದರನ ಕೈಗಿತ್ತಳು. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷವಾಗಿತ್ತು. ಕೋರ್ಟು ಸುಂದರನ ಪಾಲಿಗೆ ಉಳಿಸಿದ್ದು ಇಷ್ಟೇ: ಪ್ರತಿ ಭಾನುವಾರ, ಹತ್ತರಿಂದ ಆರರವರೆಗೆ, ಮಗಳು. ಸ್ವಾರಗೇಟ ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುವ ಆತ, ಈ ಎಂಟು ಗಂಟೆಗಾಗಿ ಉಳಿದ ಆರು ದಿನವೂ ಎರಡೆರಡು ಪಾಳಿ ಬೇಯುತ್ತಿದ್ದ.

"ಆರಕ್ಕೆ ಬಂದು ಹತ್ತು ಲೆಕ್ಕ ಕೇಳ್ತೇನೆ," ಎಂದಳು ವಸಂತಿ. "ಒಂದು ತಪ್ಪಿದ್ರೂ ಬರುವ ವಾರದಿಂದ ಟ್ಯೂಷನ್. ಅದು ಇರುವುದು ಭಾನುವಾರ ಮಾತ್ರ."

"ಹತ್ತರಲ್ಲಿ ಎಂಟು ಸರಿ ಬಂದ್ರೆ?"

"ನಿನಗೆ ಎಲ್ಲದರಲ್ಲೂ ಎಂಟು ಸಾಕು. ಅದಕ್ಕೇ ಹೀಗಾದದ್ದು."

ಲಿಫ್ಟು ಮುಚ್ಚಿಕೊಂಡಿತು.

ಸುಂದರನಿಗೆ ಕಲಿಸುವುದು ಗೊತ್ತಿರಲಿಲ್ಲ. ಆದರೆ ಹೋಟೆಲಿನಲ್ಲಿ ಸಹಿ ಹಾಕಲು ತಡವರಿಸುವ ಅಡುಗೆಯವರು ಕೂಡ ಆಟದ ಪಾಯಿಂಟುಗಳನ್ನು ರೆಪ್ಪೆ ಬಡಿಯುವಷ್ಟರಲ್ಲಿ ಕೂಡಿಸುವುದನ್ನು ಆತ ಕಂಡಿದ್ದ. ಮೊದಲು ಹಾವು ಏಣಿಯ ಪಟ ಬಿಚ್ಚಿದ. ತೊಂಬತ್ತೇಳರಲ್ಲಿದ್ದ ಯಶ್ಮಿತಾಳನ್ನು ಹಾವು ನುಂಗಿ ಇಪ್ಪತ್ತೊಂದಕ್ಕೆ ಉಗುಳಿತು.

"ಎಷ್ಟು ಮನೆ ಕೆಳಗೆ ಬಿದ್ದೆ, ಹೇಳು ನೋಡುವ."

"ಬಿದ್ದಾಗ ಯಾರಾದ್ರೂ ಲೆಕ್ಕ ಹಾಕ್ತಾರಾ ಪಪ್ಪಾ?"

ಸುಂದರ ಪಟ ಮಡಚಿ ಇಸ್ಪೀಟು ತೆಗೆದ. ಇಬ್ಬರೂ ಎರಡೆರಡು ಎಲೆ ಎತ್ತಬೇಕು, ಗುಣಿಸಬೇಕು, ದೊಡ್ಡ ಗುಣಲಬ್ಧದವರು ನಾಲ್ಕೂ ಎಲೆ ಬಾಚಬೇಕು. ಗುಲಾಮನಿಗೆ ಹನ್ನೊಂದು, ರಾಣಿಗೆ ಹನ್ನೆರಡು, ರಾಜನಿಗೆ ಹದಿಮೂರು.

"ರಾಣಿಗೆ ಯಾಕೆ ಕಡಿಮೆ?"

"ಬೆಲೆ ಕಟ್ಟಿದವ ರಾಜ, ಮಗಾ."

ಮೊದಲ ಒಂದು ಗಂಟೆ ಹಲ್ಲು ಕೀಳುವ ಕೆಲಸದಂತಿತ್ತು. ಏಳೆಂಟು ಐವತ್ತನಾಲ್ಕಾಯಿತು, ಅರವತ್ತಾಯಿತು, ಕಣ್ಣೀರಾಯಿತು. ಹೊರಗೆ ಆಗಸ್ಟಿನ ಮಳೆ. ಗಡಿಯಾರ ಮಾತ್ರ ತಪ್ಪಿಲ್ಲದೆ ಎಣಿಸುತ್ತಿತ್ತು. ಹನ್ನೆರಡೂವರೆಗೆ ಯಶ್ಮಿತಾ ಮೊದಲ ಸಲ ಅಪ್ಪನನ್ನು ಸೋಲಿಸಿ, ಎಲೆಗಳನ್ನು ನೆಲಕ್ಕೆ ಅಪ್ಪಳಿಸಿ ಕೂಗಿದಳು.

ಆ ಕೂಗಿಗೆ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಕಾಡಪ್ಪ ಬಂದರು. ಬಾಗಿಲಲ್ಲಿ ಮೊದಲು ಅವರ ಫೋನು ಕಾಣಿಸಿತು, ಅದರ ಹಿಂದೆ ಅವರು.

"ಏನ್ರಿ ಸುಂದರ, ಹೆಣ್ಣಕೂಸಿನ ಮುಂದ ಇಸ್ಪೀಟ ಹಾಕ್ಕೊಂಡ ಕುಂತೀರಿ?"

"ಗಣಿತ ಕಾಡಪ್ಪನವರೇ."

"ಹೌದ್ರಿ. ಜೂಜಾಡವ್ರೆಲ್ಲಾ ಗಣಿತದಾಗ ಭಾಳ ಶಾಣ್ಯಾರ ಇರ್ತಾರ."

ಅಷ್ಟರಲ್ಲಿ ಫೋಟೋ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಕೆಳಗೆ ಒಂದು ಸಾಲು: 'ಫ್ಲಾಟ್ ಮುನ್ನೂರ ನಾಲ್ಕರಲ್ಲಿ ಅಪ್ರಾಪ್ತ ಬಾಲಕಿಯೊಂದಿಗೆ ಜೂಜು.' ವಸಂತಿ ಈ ಮನೆ ಬಿಟ್ಟು ಎರಡು ವರ್ಷವಾದರೂ ಗುಂಪಿನಿಂದ ಅವಳನ್ನು ಯಾರೂ ತೆಗೆದಿರಲಿಲ್ಲ. ಸುಂದರ ಫೋನಿನತ್ತ ಕೈ ಚಾಚಿದ.

"ಅಳಿಸಿ ಮಾರಾಯ್ರೆ."

"ಅಳಿಸಿದ್ರ ಮಂದಿಗೆ ಇನ್ನೂ ಸಂಶಯ ಬರ್ತದ್ರಿ."

ಫೋಟೋ ನೋಡಿ ಮೊದಲು ಮೇಲೇರಿ ಬಂದವರು ಕೆಳಗಿನ ಮನೆಯ ಕೃಷ್ಣಾಬಾಯಿ. ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದ ಟೀಚರು. ಬೈಯಲೆಂದೇ ಬಾಯಿ ತೆರೆದಿದ್ದರು. ಹುಡುಗಿಯ ಕೈಯ ಎಲೆ ನೋಡಿ ಮುಚ್ಚಿಕೊಂಡರು.

"ರಾಜ ಮತ್ತ ಏಳು. ಎಷ್ಟವ್ವ?"

ಯಶ್ಮಿತಾ ರಾಜನನ್ನು ನೋಡಿದಳು. ರಾಜ ಸಹಾಯ ಮಾಡಲಿಲ್ಲ.

"ರಾಜನ್ನ ಒಡಿ," ಎಂದರು ಕೃಷ್ಣಾಬಾಯಿ. "ಹತ್ತು ಬ್ಯಾರೆ, ಮೂರು ಬ್ಯಾರೆ."

"ಎಪ್ಪತ್ತು. ಇಪ್ಪತ್ತೊಂದು." ಹುಡುಗಿಯ ಮುಖದಲ್ಲಿ ಯಾರೋ ದೀಪದ ಗುಂಡಿ ಒತ್ತಿದಂತಾಯಿತು. "ತೊಂಬತ್ತೊಂದು."

ಮುದುಕಿ ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು. ಆಟಕ್ಕೆ ನಾಲ್ಕು ಕೈ ಇದ್ದರೆ ಚೆಂದ ಎಂದು ಕಾಡಪ್ಪನವರನ್ನೂ ಎಳೆದು ಕೂರಿಸಿದರು. ಮುಂದಿನ ಒಂದು ಗಂಟೆಯಲ್ಲಿ ಕಾಡಪ್ಪ ಹನ್ನೊಂದು ಸಲ ಸೋತರು; ಹನ್ನೆರಡನೆಯ ಸಲ ಫೋನಿನಲ್ಲಿ ಗುಣಿಸಲು ಹೋಗಿ ಸಿಕ್ಕಿಬಿದ್ದರು.

"ಮೊಬೈಲ್ ನಕೋ ಕಾಕಾ," ಎಂದು ಯಶ್ಮಿತಾ ಮರಾಠಿ ಬೆರೆಸಿ ತಡೆದಳು. "ಚೀಟಿಂಗ್ ಅದು."

ಎರಡೂವರೆಗೆ ವಸಂತಿ ಬಾಗಿಲಲ್ಲಿದ್ದಳು. ಕೊಡೆಯಿಂದ ನೀರು ಸೋರುತ್ತಿತ್ತು. ನೆಲದ ಮೇಲಿನ ಎಲೆಗಳನ್ನೂ ಸುತ್ತ ಕೂತ ನಾಲ್ವರನ್ನೂ ಪಂಚನಾಮೆ ಬರೆಯುವವಳಂತೆ ನೋಡಿದಳು.

"ಆರು ಗಂಟೆ ಬೇಡ," ಎಂದಳು. "ಈಗಲೇ ಕೇಳ್ತೇನೆ."

ಹನ್ನೆರಡೊಂಬತ್ತು ಎಷ್ಟು? ನೂರಾ ಎಂಟು. ತೊಂಬತ್ತಾರನ್ನು ಎಂಟರಿಂದ ಭಾಗಿಸು. ಹನ್ನೆರಡು. ಪ್ರತಿ ಉತ್ತರಕ್ಕೂ ಸುಂದರನ ತುಟಿ ಅಲುಗುತ್ತಿತ್ತು. ನೋಡಿದವರು ಅವನೂ ಗುಣಿಸುತ್ತಿದ್ದಾನೆ ಎಂದುಕೊಳ್ಳಬೇಕು. ಅವನು ದೇವರ ಹೆಸರು ಹೇಳುತ್ತಿದ್ದ. ಏಳು ಸರಿಯಾಯಿತು. ಎಂಟು. ಒಂಬತ್ತು.

ಆಗ ಕೃಷ್ಣಾಬಾಯಿ ಎದ್ದು, ವಸಂತಿಯ ಮೊಣಕೈ ಹಿಡಿದು ಕಿಟಕಿಯ ಬಳಿಗೆ ಕರೆದೊಯ್ದು, ಮೆಲುದನಿಯಲ್ಲಿ ಏನೋ ಹೇಳಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ವಸಂತಿಯ ಮುಖ ಮೆತ್ತಗಾದದ್ದನ್ನು ಸುಂದರ ಕಂಡ. ಟೀಚರು ತನ್ನ ಪರವಾಗಿ ವಕಾಲತ್ತು ಮಾಡಿದರು ಎಂದುಕೊಂಡ. ಮುಂದಿನ ಭಾನುವಾರ ಮಗಳನ್ನು ಸುತ್ತಾಡಲು ಲೋಣಾವಳಾಕ್ಕೆ ಕರೆದೊಯ್ಯಬೇಕು ಎಂದೂ ಅಂದುಕೊಂಡ.

ವಸಂತಿ ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇದು ಹತ್ತನೆಯದು. ಸರಿಯಾಗಿ ಕೇಳು. ಸ್ಕಾಲರ್‌ಶಿಪ್ ಪರೀಕ್ಷೆಗೆ ಇನ್ನು ಇಪ್ಪತ್ತಾರು ಭಾನುವಾರ ಉಂಟು. ಈ ಟೀಚರು ಈಗ ಒಂದು ಬ್ಯಾಚು ಹೇಳಿದ್ರು, ಜಾಣ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದು. ಪ್ರತಿ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಆರು. ನೀನು ನಾಳೆಯೇ ಹೆಸರು ಕೊಟ್ರೆ, ಪರೀಕ್ಷೆಯೊಳಗೆ ಒಟ್ಟು ಎಷ್ಟು ಗಂಟೆ ಕಲೀತಿ?"

ಯಶ್ಮಿತಾ ಕಣ್ಣು ಮುಚ್ಚಿದಳು. ಅವಳ ಬೆರಳುಗಳು ಗಾಳಿಯಲ್ಲಿ ಎಲೆ ಹಂಚಿದವು.

"ಒಂದು ದಿನಕ್ಕೆ ಎಂಟು. ಇಪ್ಪತ್ತಾರು ಅಂದ್ರೆ ಎರಡು ರಾಜ. ಒಬ್ಬನಿಗೆ ನೂರಾ ನಾಲ್ಕು, ಇನ್ನೊಬ್ಬನಿಗೂ ಅಷ್ಟೇ." ಕಣ್ಣು ತೆರೆದಳು. "ಇನ್ನೂರಾ ಎಂಟು."

ಕಾಡಪ್ಪ ಚಪ್ಪಾಳೆ ತಟ್ಟಿದರು. ಕೃಷ್ಣಾಬಾಯಿಯೂ ತಟ್ಟಿದರು. ಹುಡುಗಿ ಅಮ್ಮನನ್ನೂ ನೋಡಲಿಲ್ಲ, ಟೀಚರನ್ನೂ ನೋಡಲಿಲ್ಲ. ನೇರ ಅಪ್ಪನ ಕೈಗಳನ್ನೇ ನೋಡಿದಳು. ಲೆಕ್ಕ ಅರ್ಥವಾಗುವ ಮೊದಲೇ ಸುಂದರನ ಕೈಗಳು ತಟ್ಟಲು ಶುರುಮಾಡಿದ್ದವು. ಅರ್ಥವಾದ ಮೇಲೆ ನಿಲ್ಲಿಸಿದರೆ ಉತ್ತರ ತಪ್ಪಿತೆಂದು ಮಗು ತಿಳಿದುಕೊಳ್ಳುತ್ತಿತ್ತು.

ಉಳಿದವರು ನಿಲ್ಲಿಸಿದರು. ಆತ ತಟ್ಟುತ್ತಲೇ ಇದ್ದ.