ಕುಕ್ಕರ್ ತ್ಯಾಗ

ನೀರು ಸರಬರಾಜು ಕಚೇರಿಯ ಗುಮಾಸ್ತರದು ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನವಲ್ಲ. ಭಾನುವಾರ ಪತ್ರಿಕೆಯಲ್ಲಿ ಅಲ್ಯೂಮಿನಿಯಂ ಬಗ್ಗೆ ಅರ್ಧ ಪುಟ ಓದಿದವರು ನೇರ ಅಡುಗೆಮನೆಗೆ ನುಗ್ಗಿದರು.

"ಗೊತ್ತೇನೇ? ಈ ಅಲ್ಯೂಮಿನಿಯಂ ಮಾಡೋಕೆ ಗುಡ್ಡಗಳನ್ನೇ ಅಗೀತಾರಂತೆ. ಕೆಂಪು ಕೆಸರು ಕೆರೆಗಟ್ಟಲೆ ನಿಲ್ಲುತ್ತಂತೆ. ಕರೆಂಟಂತೂ ಕುಡಿದು ಹಾಕುತ್ತೆ."

"ನೀವು ಕಾಫಿ ಕುಡಿದ ಲೋಟ ತೊಳೆದಿಡಿ," ಎಂದಳು ಹೆಂಡತಿ.

ಲೋಟ ಕ್ಷುಲ್ಲಕ ವಿಷಯ. ಗುಮಾಸ್ತರ ಮುಂದಿದ್ದದ್ದು ಭೂಮಂಡಲದ ಉದ್ಧಾರ. ಮರುದಿನ ಹೆಂಡತಿ ಹೊಲಿಗೆ ತರಗತಿಗೆ ಹೋದದ್ದೇ ತಡ, ಮನೆಯ ಅಲ್ಯೂಮಿನಿಯಂ ಕುಕ್ಕರನ್ನು (ಇಪ್ಪತ್ತೆರಡು ವರ್ಷದ ಸೇವೆ, ಒಂದು ದಿನ ರಜೆ ಹಾಕಿದ್ದಿಲ್ಲ) ಬೀದಿ ಕೊನೆಯ ಕಸದ ತೊಟ್ಟಿಗೆ ಅರ್ಪಿಸಿ, ಹಗುರ ಮನಸ್ಸಿನಿಂದ ಕಚೇರಿಗೆ ನಡೆದರು.

ಸಂಜೆ ಹೆಂಡತಿ ನೆನೆಸಿದ ಕಾಳು ಹಿಡಿದು ಕಾದಿದ್ದಳು.

"ಕುಕ್ಕರ್ ಎಲ್ಲಿ?"

"ತ್ಯಾಗ ಮಾಡಿದೆ. ಕಸದ ತೊಟ್ಟಿಗೆ."

"ಅದಕ್ಕೆ ಬೇಕಾದ ಗುಡ್ಡ ಯಾವತ್ತೋ ಅಗೆದಾಯ್ತು. ನೀವು ಎಸೆದ್ರೆ ಆ ಗುಡ್ಡ ಮತ್ತೆ ಎದ್ದು ನಿಲ್ಲುತ್ತೇನ್ರೀ?"

ಗುಮಾಸ್ತರು ಚಪ್ಪಲಿ ಮೆಟ್ಟಿ ತೊಟ್ಟಿಯತ್ತ ನಡೆದರು.

ತೊಟ್ಟಿ ಖಾಲಿ. ಆದರೆ ಪಕ್ಕದ ಗುಜರಿ ಅಂಗಡಿಯೊಳಗೆ, ಒಲೆಯ ಮೇಲೆ, ತಮ್ಮದೇ ಕುಕ್ಕರ್ ಪರಿಚಿತ ದನಿಯಲ್ಲಿ ಸೀಟಿ ಹೊಡೆಯುತ್ತಿತ್ತು.

"ಅಮ್ಮಾ, ಆ ಕುಕ್ಕರು..." ಎಂದರು ಗುಮಾಸ್ತರು.

"ತೊಟ್ಟೀಲಿತ್ತು ಸ್ವಾಮಿ. ಯಾವನೋ ತಲೆಕೆಟ್ಟವನು ಎಸೆದಿದ್ದ," ಎಂದಳು ಅಂಗಡಿಯಾಕೆ. "ನಮ್ಮ ಕೈಗೆ ಕೊಟ್ರೆ ಕಾರ್ಖಾನೇಲಿ ಕರಗಿಸಿ ಮತ್ತೆ ಪಾತ್ರೆ ಮಾಡ್ತಾರೆ. ಹೊಸ ಲೋಹಕ್ಕೆ ಬೇಕಾಗೋ ಕರೆಂಟಿನ ಇಪ್ಪತ್ತರಲ್ಲೊಂದು ಪಾಲು ಸಾಕಂತೆ. ಕಸದ ಜೊತೆ ಮಣ್ಣುಪಾಲಾದ್ರೆ ಎಲ್ಲಾ ದಂಡ. ಅಷ್ಟೂ ತಿಳೀದೋನು. ಇದು ಗಟ್ಟಿಮುಟ್ಟಾಗಿತ್ತು, ಅಡುಗೆಗೆ ಇಟ್ಕೊಂಡೆ. ಅಲ್ಲ, ಇದು ನಿಮ್ಮದೇನು?"

ಗುಮಾಸ್ತರು ಮನಸ್ಸಿನಲ್ಲೇ ತೂಗಿದರು. ಕುಕ್ಕರ್ ಒಂದು ಕಡೆ, ಮಾನ ಇನ್ನೊಂದು ಕಡೆ.

"ಛೆ, ನಮ್ಮದಲ್ಲ. ಸೀಟಿ ಚೆನ್ನಾಗಿದೆ ಅಂತ ಕೇಳಿದೆ ಅಷ್ಟೆ."

ಮನೆಯಲ್ಲಿ ಹೆಂಡತಿ ಗಂಡನ ಬರಿಗೈ ನೋಡಿ ಕಾಳಿನ ಪಾತ್ರೆ ಕೆಳಗಿಟ್ಟಳು.

"ನಾಳೆನೇ ಹೊಸದು ತರ್ತೀನಿ," ಎಂದರು ಗುಮಾಸ್ತರು.

"ಹೊಸದಾ? ನಿಮಗೋಸ್ಕರ ಇನ್ನೊಂದು ಗುಡ್ಡ ಅಗೀಬೇಕಾ? ಬೇಡ. ತೆರೆದ ಪಾತ್ರೇಲೇ ಬೇಯಲಿ. ನೀವೇ ಬೇಯಿಸಿ."

ಸೌಟು ಕೈ ಬದಲಾಯಿಸಿತು. ಗುಮಾಸ್ತರು ಗ್ಯಾಸ್ ಒಲೆಯ ಮುಂದೆ ಒಂದೂವರೆ ಗಂಟೆ ಕೈಯಾಡಿಸಿದರು. ಕಾಳು ಮಾತ್ರ ಬೇಯದೆ ಸರ್ಕಾರಿ ಕಡತದಂತೆ ಕೂತಿತ್ತು. ಹೆಂಡತಿ ಕುರ್ಚಿ ಎಳೆದುಕೊಂಡು, ಅಂದಿನ ಪತ್ರಿಕೆ ಬಿಡಿಸಿ ಕೂತಳು.

"ರೀ, ಗ್ಯಾಸ್ ಉರಿಸೋದ್ರಿಂದ ಭೂಮಿಗೆ ಏನೇನು ಕೇಡು ಅಂತ ಇವತ್ತು ಪೂರ್ತಿ ಪುಟ ಬಂದಿದೆ," ಎಂದಳು. "ಓದಿ ಹೇಳ್ಲಾ?"