ತೂಕದ ಸಾಹೇಬರು ಸೈಕಲ್ಲಿನ ಭಾರ ಇಳಿಸಿದ್ದು

ಟಕ್!

ಸೀಸದ ಬಿಲ್ಲೆಯ ಮೇಲೆ ಸರ್ಕಾರಿ ಮುದ್ರೆ ಬಿದ್ದ ಸದ್ದು. ದಿನಕ್ಕೆ ನಲವತ್ತು ಸಲದಂತೆ ಇಪ್ಪತ್ತಾರು ವರ್ಷಗಳಿಂದ ಆ ಸದ್ದು ಅದೇ ಮೇಜಿನಿಂದ ಏಳುತ್ತಿತ್ತು. ಅದು ಬಿದ್ದರೆ ತಕ್ಕಡಿ ಸತ್ಯವಂತ. ಬೀಳದಿದ್ದರೆ ಬರಿಯ ತಗಡು! ಊರಿನ ಅಂಗಡಿಗಳ ತಕ್ಕಡಿ, ಬಟ್ಟುಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವ ಆ ಅಧಿಕಾರಿಯನ್ನು ಜನ ತೂಕದ ಸಾಹೇಬರೆಂದೇ ಕರೆಯುತ್ತಿದ್ದರು.

ಅಂದು ಕೊನೆಯ ಮುದ್ರೆ ಒತ್ತಿ, ಸುತ್ತಿಗೆ ಕೆಳಗಿಟ್ಟು, ಸಾಹೇಬರು ಎದುರಿನ ಗುಮಾಸ್ತನಿಗೆ ಘೋಷಿಸಿದರು:

“ಮೂರು ವಾರ. ಮೂರೇ ವಾರದಲ್ಲಿ ನನ್ನ ಸೈಕಲ್ಲಿನ ತೂಕ ಒಂದೂಕಾಲು ಕಿಲೋ ಇಳಿಸದಿದ್ದರೆ ಈ ಸುತ್ತಿಗೆ ಮುಟ್ಟೋನಲ್ಲ!”

“ಸೈಕಲ್ಲಿನದಾ ಸಾರ್?” ಎಂದ ಗುಮಾಸ್ತ, ಸಾಹೇಬರ ಅಂಗಿಯ ಮೂರನೆಯ ಗುಂಡಿಯ ಕಡೆ ನೋಡದಿರಲು ಬಹಳ ಕಷ್ಟಪಡುತ್ತ.

“ಮತ್ತಿನ್ಯಾರದು?”

ಈ ಶಪಥದ ಹಿಂದೆ ಒಂದು ನೋವಿತ್ತು. ಸಾಹೇಬರ ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ವಾರವಿಡೀ ಅವಳ ಕೋಣೆಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಭಾನುವಾರ ಬೆಳಿಗ್ಗೆ ಮಾತ್ರ ಅಪ್ಪ ಮಗಳು ತಂತಮ್ಮ ಸೈಕಲ್ಲೇರಿ ಊರಾಚೆಯ ನೀರಿನ ಟ್ಯಾಂಕಿನ ಗುಡ್ಡ ಹತ್ತುತ್ತಿದ್ದರು. ಆ ಎರಡು ಗಂಟೆಯಲ್ಲಿ ಅವಳು ಮಾತಾಡುತ್ತಿದ್ದಳು. ಗೆಳತಿಯರ ಜಗಳ, ಮೇಷ್ಟರ ಕೆಮ್ಮು, ತಾನು ಕಂಡ ಕನಸು, ಎಲ್ಲವನ್ನೂ ಗಾಳಿಗೆ ಹೇಳಿದಂತೆ ಹೇಳುತ್ತಿದ್ದಳು. ಹಿಂದಿನ ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಸಾಹೇಬರು ಅದರಲ್ಲಿ ಒಂದೊಂದನ್ನೂ ಹೆಕ್ಕಿ ಎದೆಯಲ್ಲಿಟ್ಟುಕೊಳ್ಳುತ್ತಿದ್ದರು. ಹಾಗಿರುವಾಗ ಒಂದು ಸಂಜೆ ಅಡುಗೆಮನೆಯಲ್ಲಿ ಮಗಳು ತಾಯಿಗೆ ಹೇಳಿದ್ದು ಅವರ ಕಿವಿಗೆ ಬಿತ್ತು:

“ಮುಂದಿನ ತಿಂಗಳಿಂದ ಹುಡುಗೀರ ಗುಂಪಿನ ಜೊತೆ ಹೋಗ್ತೀನಮ್ಮ. ಅಪ್ಪನ ಜೊತೆ ಹೋದ್ರೆ ಸೈಕಲ್ ಹೊಡೆಯೋದಕ್ಕಿಂತ ಕಾಯೋದೇ ಜಾಸ್ತಿ.”

ಕಾಯುವುದು! ಏರಿನಲ್ಲಿ ಮಗಳನ್ನು ಕಾಯಿಸುವುದು ಯಾವುದು? ಭಾರ! ಭಾರ ಎಲ್ಲಿದೆ? ಸೈಕಲ್ಲಿನಲ್ಲಿ! ಸಾಹೇಬರ ತರ್ಕ ಮೂರು ಹೆಜ್ಜೆಯಲ್ಲಿ ಗುರಿ ಮುಟ್ಟಿತು. ನಾಲ್ಕನೆಯ ಹೆಜ್ಜೆ ಇಡಲು ಅವರ ಹೊಟ್ಟೆ ಅಡ್ಡವಿತ್ತು.

ಕಚೇರಿಯ ತಕ್ಕಡಿಯಲ್ಲಿ ಸೈಕಲ್ಲು ಒಂಬತ್ತು ಕಿಲೋ ನಾನೂರು ಗ್ರಾಂ ತೂಗಿತು. ಮೊದಲು ಬೆಲ್ಲಿಗೆ ಮೋಕ್ಷ: ನಲವತ್ತೈದು ಗ್ರಾಂ. ಆಮೇಲೆ ದೀಪ. ಆಮೇಲೆ ನೀರಿನ ಬಾಟಲಿಯ ಎರಡು ಬುಟ್ಟಿ. ಸೀಟಿನ ಕೆಳಗೆ ತೂಗುತ್ತಿದ್ದ ಚೀಲದಲ್ಲಿ ಸ್ಪ್ಯಾನರು, ಪಂಪು, ಒಂದು ಹೆಚ್ಚುವರಿ ಟ್ಯೂಬು ಇದ್ದವು. ಐನೂರ ಇಪ್ಪತ್ತು ಗ್ರಾಮಿನ ಆ ಸೋಮಾರಿಗಳನ್ನು ಕಂಡು ಸಾಹೇಬರಿಗೆ ಮೈ ಉರಿಯಿತು. “ಒಂದು ದಿನವಾದರೂ ಕೆಲಸ ಮಾಡಿದ್ದೀರಾ? ಕೂತು ಸವಾರಿ ಮಾಡ್ತೀರಾ?” ಚೀಲ ಅಟ್ಟ ಸೇರಿತು. ಸೀಟಿನ ಮೆತ್ತೆಯನ್ನು ಕತ್ತರಿಸಿದರು. ಹಿಂದಿನ ಬ್ರೇಕನ್ನು ಬಿಚ್ಚಿ, “ಹತ್ತುವವನಿಗೆ ಬ್ರೇಕ್ ಯಾಕೆ?” ಎಂದು ಗೋಡೆಯನ್ನು ಕೇಳಿದರು.

ಪ್ರತಿ ವಿಜಯದ ನಂತರ ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು. ದೊಡ್ಡ ವಿಜಯವಾದರೆ ಬೆಣ್ಣೆ ಬಳಿದ ಬ್ರೆಡ್ಡು. ಸಣ್ಣ ಸ್ಕ್ರೂ ಕೂಡ ಸಾಹೇಬರ ಲೆಕ್ಕದಲ್ಲಿ ದೊಡ್ಡ ವಿಜಯವೇ!

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧಿ ಮಾಡಿಸಿಕೊಳ್ಳುವ ರೋಗಿಗಳ ವಾರ್ಡಿನಲ್ಲಿ, ಚಿಕಿತ್ಸೆಗೆ ಮೊದಲೊಮ್ಮೆ ಆಮೇಲೊಮ್ಮೆ ಅವರನ್ನು ತೂಗುವುದು ಆಕೆಯ ಕೆಲಸ. ಹದಿನೆಂಟು ವರ್ಷ ತೂಗಿ ತೂಗಿ, ಈಗ ಬಾಗಿಲಲ್ಲಿ ನಿಂತವರ ತೂಕ ನೋಟದಲ್ಲೇ ಹೇಳಬಲ್ಲಳು. ಶಪಥದ ಹಿಂದಿನ ದಿನವಷ್ಟೇ, ಊಟದ ಡಬ್ಬಿ ಕೊಡಲು ಹೋದ ಗಂಡನನ್ನೂ ಹಿಡಿದು ತೂಗಿದ್ದಳು. ಈಗ ಮನೆಯಲ್ಲಿ ಬೆಣ್ಣೆ ಬ್ರೆಡ್ಡಿನ ತಟ್ಟೆ ನೋಡಿ ಆ ಲೆಕ್ಕ ತೆಗೆದಳು:

“ತೊಂಬತ್ತು ಕಿಲೋ ಆರುನೂರು. ಸೈಕಲ್ಲು ಒಂಬತ್ತು ನಾನೂರು. ಒಟ್ಟು ನೂರು! ನೂರರಲ್ಲಿ ತೊಂಬತ್ತು ಚಿಲ್ಲರೆ ನೀವು. ಮಿಕ್ಕ ಒಂಬತ್ತನ್ನ ಯಾಕ್ರೀ ಹಾಗೆ ಹಿಂಸೆ ಮಾಡ್ತೀರಿ?”

“ನಿಮ್ಮಾಸ್ಪತ್ರೆ ತಕ್ಕಡಿಗೆ ಮುದ್ರೆ ಇಲ್ಲ. ಮುದ್ರೆ ಇಲ್ಲದ ತಕ್ಕಡಿಯ ಸಾಕ್ಷಿ ನಡೆಯಲ್ಲ.”

“ಒಂದು ವಾರ ಆ ಬೆಣ್ಣೆ ಬಿಡಿ. ಬೆಲ್ಲು, ದೀಪ, ಬ್ರೇಕು ಎಲ್ಲಾ ವಾಪಸ್ ಹಾಕ್ಕೊಂಡ್ರೂ ಲಾಭವೇ.”

“ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ.”

“ಹೌದು. ಆದ್ರೆ ಇಲ್ಲಿ ಇರುವೆ ಮೇಲೆ ಆನೆ ಕೂತಿದೆಯಲ್ಲಾ!”

ಸಾಹೇಬರು ಮಾತು ಮುರಿದು ಹಾಲಿಗೆ ನಡೆದರು. ಕಚೇರಿಯ ತಕ್ಕಡಿಯ ಮೇಲೆ ಇನ್ನು ಸೈಕಲ್ ಇಟ್ಟರೆ ಮೇಲಿನವರಿಗೆ ಬರೆಯುವುದಾಗಿ ಗುಮಾಸ್ತ ವಿನಯದಿಂದ ತಿಳಿಸಿದ್ದ. ಹಾಗಾಗಿ ಮನೆಯಲ್ಲೇ ಫ್ಯಾನು ಇಳಿಸಿ, ಅದರ ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಸೈಕಲ್ಲನ್ನು ನೇತುಹಾಕಿದರು. ಅದು ತೊಟ್ಟಿಲಿನಂತೆ ಮೆಲ್ಲಗೆ ತೂಗಿತು. ಮುಳ್ಳು ನಿಲ್ಲಲಿಲ್ಲ. ನಿಲ್ಲಿಸಲೆಂದು ಸಾಹೇಬರು ಸ್ಟೂಲಿನ ಮೇಲೆ ನಿಂತು ಹಿಡಿದರು, ಸ್ಟೂಲು ಜಾರಿತು, ಹಿಡಿದದ್ದನ್ನು ಬಿಡಲಿಲ್ಲ!

ಕೊಕ್ಕೆ, ಅಂಗೈಯಗಲದ ಗಾರೆ, ತಕ್ಕಡಿ, ಸೈಕಲ್ಲು, ಸಾಹೇಬರು, ಎಲ್ಲ ಒಟ್ಟಿಗೆ ಇಳಿದವು. ಕೆಳಗೆ ಗಂಜಿ ಹಾಕಿ ಮಡಿಸಿಟ್ಟಿದ್ದ ನರ್ಸಿನ ಐದು ಬಿಳಿ ಸಮವಸ್ತ್ರಗಳಿದ್ದವು.

ಹೆಂಡತಿ ಬಂದು ನಿಂತಳು. ಗಾರೆಯ ಧೂಳಿನಲ್ಲಿ ಕೂತ ಗಂಡನನ್ನು, ಚೈನಿನ ಎಣ್ಣೆ ಮೆತ್ತಿದ ಬಟ್ಟೆಯನ್ನು, ಮೇಲಿನ ತೂತನ್ನು ಸಾವಕಾಶವಾಗಿ ನೋಡಿದಳು.

“ಹತ್ತು ವರ್ಷ ಫ್ಯಾನು ತಡೀತು ಆ ಕೊಕ್ಕೆ. ಸೈಕಲ್ಲನ್ನೂ ತಡೀತು. ನಿಮ್ಮನ್ನ ತಡೀಲಿಲ್ಲ.”

“ಎಂಟು ಕಿಲೋ ನೂರು!” ಎಂದರು ಸಾಹೇಬರು ನೆಲದಿಂದಲೇ. “ಬೀಳೋ ಮುಂಚೆ ನೋಡಿದೆ ಕಣೇ. ಒಂದು ಕಿಲೋ ಮುನ್ನೂರು ಇಳಿದಿದೆ!”

“ಇಳೀತು, ಕಂಡೆ,” ಎಂದಳು ಆಕೆ, ಗಾರೆ ಗುಡಿಸುತ್ತ.

ಭಾನುವಾರ ಬಂತು. ಆ ತಿಂಗಳ ಕೊನೆಯ ಭಾನುವಾರ. ಇಂದು ಹಿಂದೆ ಬೀಳದಿದ್ದರೆ ಮಗಳು ತಮ್ಮ ಜೊತೆಗೇ ಉಳಿದಾಳು. ಸಾಹೇಬರು ಮೆತ್ತೆಯಿಲ್ಲದ ಸೀಟಿನ ಮೇಲೆ ಮುಖ ಹಿಂಡಿಕೊಂಡು ಕೂತರು. ಬಾಯಾರಿದರೆ ಕುಡಿಯಲು ನೀರಿಲ್ಲ, ಎದುರು ಬಂದವರಿಗೆ ಬೆಲ್ಲಿಲ್ಲ. “ದಾರಿ! ದಾರಿ!” ಎಂದು ಗಂಟಲಿನಿಂದಲೇ ಬೆಲ್ಲು ಹೊಡೆಯುತ್ತ ಸಾಗಿದರು. ಗುಡ್ಡದ ಬುಡದ ಗುಜರಿ ಅಂಗಡಿಯ ಮುಂದೆ ಪುಸ್ ಎಂದಿತು. ಮುಂದಿನ ಚಕ್ರದಲ್ಲಿ ಹೆಬ್ಬೆರಳುದ್ದದ ಮೊಳೆ!

ಮಗಳು ತಿರುಗಿ ಬಂದಳು. “ಟ್ಯೂಬ್ ಕೊಡಿ ಅಪ್ಪ, ಐದು ನಿಮಿಷದ ಕೆಲಸ.”

“ಅಟ್ಟದ ಮೇಲಿದೆ.”

“ಪಂಪು?”

“ಅದೂ ಅಲ್ಲೇ.”

ಮಗಳು ತನ್ನ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಬೈದಿದ್ದರೆ ವಾಸಿಯಿತ್ತು. ಸಾಹೇಬರು ಸಮರ್ಥನೆಗೆ ತೊಡಗಿದರು. “ಭಾರ ಇಳಿಸಿದ್ದೀನಿ ಪುಟ್ಟಿ. ನೀನು ಕಾಯಬಾರದು ಅಂತ. ಒಂದು ಬೆರಳಲ್ಲಿ ಎತ್ತು, ನೋಡು.”

ಗುಜರಿಯವನು ಹಳೆಯ ಕಬ್ಬಿಣದ ರಾಶಿಯಿಂದ ಎದ್ದು ಬಂದು ಕೈ ಮುಗಿದ. “ಬೆರಳು ಯಾಕೆ ಸಾಹೇಬ್ರೇ? ತಕ್ಕಡಿ ಇದೆ. ಸೈಕಲ್ ಸಮೇತ ಹತ್ತಿ.”

“ನಿನ್ನ ತಕ್ಕಡೀನಾ?”

“ನಂದಾದರೂ ಮುದ್ರೆ ನಿಮ್ಮದು. ಹೋದ ತಿಂಗಳು ನೀವೇ ಒತ್ತಿದ್ದು. ಸುಳ್ಳು ಹೇಳುತ್ತೆ ಅಂದ್ರೆ ಈಗಲೇ ಕಿತ್ತು ಎಸೀತೀನಿ.”

ಸಾಹೇಬರು ಬಗ್ಗಿ ನೋಡಿದರು. ಸೀಸದ ಬಿಲ್ಲೆಯ ಮೇಲೆ ತಮ್ಮದೇ ಏಟು, ತಮ್ಮದೇ ಅಂಕಿ. ಬೇರೆ ದಾರಿಯಿಲ್ಲದೆ ಸೈಕಲ್ಲನ್ನು ಹೆಗಲಿಗೇರಿಸಿ ಹತ್ತಿದರು.

“ನೂರಾ ಒಂದು ಕಿಲೋ ಇನ್ನೂರು!” ಎಂದು ಗುಜರಿಯವನು ಹರಾಜಿನ ಧ್ವನಿಯಲ್ಲಿ ಕೂಗಿದ.

ಸಾಹೇಬರ ಮನಸ್ಸು ತಾನಾಗಿಯೇ ಕಳೆಯಿತು. ಸೈಕಲ್ಲಿನ ಎಂಟು ಕಿಲೋ ನೂರು ಹೋದರೆ ತೊಂಬತ್ತಮೂರು ಕಿಲೋ ನೂರು. ಅಂದರೆ ಸೈಕಲ್ಲು ಒಂದು ಕಿಲೋ ಮುನ್ನೂರು ಇಳಿದ ಮೂರು ವಾರದಲ್ಲಿ ತಾವು ಎರಡೂವರೆ ಕಿಲೋ ಏರಿದ್ದರು. ಬ್ರೇಕು, ಬೆಲ್ಲು, ದೀಪ, ಸೀಟು, ಮನೆಯ ಸೂರು, ಇಷ್ಟನ್ನೂ ಬಲಿಕೊಟ್ಟು ಮೊದಲಿಗಿಂತ ಹೆಚ್ಚಿನ ಭಾರ ಗುಡ್ಡಕ್ಕೆ ತಂದಿದ್ದರು! ತಕ್ಕಡಿಯಿಂದ ಇಳಿದು, ತುಕ್ಕು ಹಿಡಿದ ಡ್ರಮ್ಮಿನ ಮೇಲೆ ಕೂತುಬಿಟ್ಟರು.

“ನೀನು ಗುಂಪಿನ ಜೊತೆಗೇ ಹೋಗು ಪುಟ್ಟಿ,” ಎಂದರು. “ಈ ಭಾರಾನ ನೀನು ಎಷ್ಟೂಂತ ಕಾಯ್ತೀಯ?”

ಮಗಳು ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತಳು.

“ಅಪ್ಪ, ನಿಮ್ಮ ತೂಕಕ್ಕೆ ನಾನು ಯಾವತ್ತು ಕಾದೆ? ಏರಲ್ಲಿ ನೀವು ನನ್ನ ಹಿಂದೇನೇ ಇರ್ತೀರಿ. ಉಸಿರು ಕೇಳಿಸ್ತಾನೇ ಇರುತ್ತೆ. ನಾನು ಕಾಯೋದು ಹಣ್ಣಿನ ಗಾಡಿ ಹತ್ರ. ಮೀನಿನಂಗಡಿ ಹತ್ರ. ‘ಒಂದೇ ನಿಮಿಷ ಪುಟ್ಟಿ’ ಅಂತ ಇಳೀತೀರಿ, ತಕ್ಕಡಿ ತಿರುಗಿಸ್ತೀರಿ, ಮುದ್ರೆ ಎಲ್ಲಿ ಅಂತೀರಿ, ಜಗಳ ಆಡ್ತೀರಿ. ಹೋದ ವಾರ ಏಳು ಸಲ! ನಾನು ಏನೋ ಹೇಳ್ತಾ ಇರ್ತೀನಿ, ತಿರುಗಿ ನೋಡಿದ್ರೆ ನೀವೇ ಇಲ್ಲ.”

ಸಾಹೇಬರು ಬೆರಳು ಮಡಿಸಿ ಎಣಿಸಿದರು. ಏಳೇ ಆಯಿತು.

“ಇವತ್ತು ಸೈಕಲ್ ಇಲ್ಲೇ ಇರಲಿ, ನಡೆದೇ ಹತ್ತೋಣ. ಮೇಲೆ ಹೋಗೋವರೆಗೆ ನೀವು ಎಲ್ಲೂ ನಿಲ್ಲಬಾರದು, ನನ್ನ ಮಾತು ಪೂರ್ತಿ ಕೇಳಬೇಕು. ಅಷ್ಟೇ. ಹಾಗಾದ್ರೆ ಗುಂಪಿಗೆ ಬರಲ್ಲ ಅಂತ ಇವತ್ತೇ ಹೇಳ್ತೀನಿ. ಆಗುತ್ತಾ?”

“ಆಗುತ್ತೆ!” ಸಾಹೇಬರ ಕಣ್ಣು ತುಂಬಿತು. “ಆಣೆಗೂ ಆಗುತ್ತೆ!”

ಇಬ್ಬರೂ ಎದ್ದರು. ಮಗಳು ಸಂತೋಷದಿಂದ ಶುರುಮಾಡಿದಳು. “ನಿಮಗೆ ಒಂದು ವಿಷಯ ಹೇಳಬೇಕಿತ್ತು ಅಪ್ಪ, ಅಮ್ಮನಿಗೂ ಹೇಳಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನು…”

ರಸ್ತೆಯ ಆಚೆ ಬದಿಗೆ ಒಬ್ಬ ತರಕಾರಿಯವಳು ಗಾಡಿ ನಿಲ್ಲಿಸಿ, ಟೊಮೆಟೊ ತೂಗಲು ತಕ್ಕಡಿ ಎತ್ತಿದಳು. ಬಲಗಡೆಯ ತಟ್ಟೆ, ಖಾಲಿಯಿರುವಾಗಲೇ, ಒಂದು ಬೆರಳು ಕೆಳಗಿತ್ತು.

ನೋಡಬಾರದು. ಸಾಹೇಬರು ನೋಟವನ್ನು ಮಗಳ ಮುಖದ ಮೇಲೆ ಮೊಳೆ ಹೊಡೆದು ನಿಲ್ಲಿಸಿದರು. ದೇವರೇ, ನೋಡಬಾರದು. ಕಣ್ಣು ಮಾತು ಕೇಳಿತು. ಕಿವಿಯೂ ಕೇಳಿತು. ಕಾಲು ಮಾತ್ರ ಇಪ್ಪತ್ತಾರು ವರ್ಷ ಸರ್ಕಾರದ ಅನ್ನ ತಿಂದದ್ದು.

“…ಬೇರೆ ಊರಲ್ಲಿ ಓದೋಣ ಅಂತ ಇದ್ದೀನಿ. ನೀವು ಏನಂತೀರೋ ಅಂತ ಭಯ… ಅಪ್ಪ? ಅಪ್ಪಾ!”

ಸಾಹೇಬರು ಆಗಲೇ ಅರ್ಧ ರಸ್ತೆ ದಾಟಿದ್ದರು.